ತುಂಗಭದ್ರೆಯ ನೆರೆ ಮತ್ತು ನೆಲದ ಎತ್ತರದ ದಾಖಲೆಗಳು: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳನ್ನು ಕುರಿತ ಒಂದು ಪರಿಶೀಲನೆ

ನದಿಯ ನೆರೆಯನ್ನು ಕುರಿತ ಬರಹಗಳಲ್ಲಿ ಸಾಮಾನ್ಯವಾಗಿ ಮಳೆಯ ಪ್ರಮಾಣ, ಪ್ರವಾಹದ ವರ್ಷ, ಪ್ರಾಣಹಾನಿ ಮತ್ತು ಬೆಳೆಹಾನಿಗಳ ವಿವರ ದೊರೆಯುತ್ತದೆ. ನೀರು ಹರಡಿದ ನೆಲದ ಎತ್ತರವೆಷ್ಟು, ಆ ಎತ್ತರವನ್ನು ಯಾರು, ಯಾವಾಗ, ಯಾವ ಉದ್ದೇಶಕ್ಕಾಗಿ ಅಳೆದಿದ್ದರು ಎಂಬ ಪ್ರಶ್ನೆ ಮಾತ್ರ ಇತಿಹಾಸಕಾರರ ಗಮನಕ್ಕೆ ಅಷ್ಟಾಗಿ ಬಂದಿಲ್ಲ. ರೇಡಾರ್ ಅಲೆಗಳ ನೆರವಿನಿಂದ ಆಕಾಶದಿಂದಲೇ ನೆಲದ ಏರುತಗ್ಗುಗಳನ್ನು ಅಳೆಯುವ ವಿಧಾನ ಬಂದ ಮೇಲೆ ಈ ಪ್ರಶ್ನೆಗೆ ಹೊಸ ಮಹತ್ವ ಬಂದಿದೆ. ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನು ಆಧಾರವಾಗಿಟ್ಟುಕೊಂಡು ಎತ್ತರದ ದಾಖಲೆಗಳ ಚರಿತ್ರೆಯನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಈ ತಾಲ್ಲೂಕುಗಳ ಆಡಳಿತ ಚರಿತ್ರೆಯನ್ನು ಮೊದಲು ಹೇಳಬೇಕಾಗುತ್ತದೆ. ದಾಖಲೆಗಳು ಎಲ್ಲೆಲ್ಲಿ ಚದುರಿವೆ ಎಂಬುದು ಅದರಿಂದ ತಿಳಿಯುತ್ತದೆ. ಚನ್ನಗಿರಿ ಮತ್ತು ಹೊನ್ನಾಳಿ ತಾಲ್ಲೂಕುಗಳು 1997ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿಯೂ ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿಯೂ ಇದ್ದವು. ಆ ವರ್ಷ ದಾವಣಗೆರೆ ಜಿಲ್ಲೆ ರೂಪುಗೊಂಡಾಗ ಮೂರೂ ಅದಕ್ಕೆ ಸೇರಿದವು. ಹೊನ್ನಾಳಿಯಿಂದ ಬೇರ್ಪಟ್ಟ ನ್ಯಾಮತಿ 2018ರಲ್ಲಿ ಪ್ರತ್ಯೇಕ ತಾಲ್ಲೂಕಾಯಿತು. ಆದಕಾರಣ ಹೊನ್ನಾಳಿ, ಚನ್ನಗಿರಿಗಳ ಶಾಸನಗಳನ್ನು ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟದಲ್ಲಿಯೂ ಜಗಳೂರಿನವನ್ನು ಹನ್ನೊಂದನೆಯ ಸಂಪುಟದಲ್ಲಿಯೂ ಹುಡುಕಬೇಕು. ಭಾರತೀಯ ಸರ್ವೇಕ್ಷಣಾ ಇಲಾಖೆಯ ಟೋಪೋಶೀಟುಗಳದೂ ಇದೇ ಸ್ಥಿತಿ. 76ನೆಯ ರೇಖಾಂಶ ಜಿಲ್ಲೆಯ ನಡುವೆ ಹಾಯುವುದರಿಂದ ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಊರುಗಳು 48 ಎನ್ ಹಾಳೆಗಳಲ್ಲಿಯೂ ಜಗಳೂರು 57 ಬಿ ಹಾಳೆಗಳಲ್ಲಿಯೂ ಬರುತ್ತವೆ.

ನೆಲದ ಸ್ವರೂಪದಲ್ಲಿಯೂ ಈ ನಾಲ್ಕು ತಾಲ್ಲೂಕುಗಳು ಒಂದೇ ಬಗೆಯವಲ್ಲ. ಶಿವಮೊಗ್ಗ ಸಮೀಪದ ಕೂಡ್ಲಿಯಲ್ಲಿ ತುಂಗೆಯೂ ಭದ್ರೆಯೂ ಕೂಡಿ ತುಂಗಭದ್ರೆಯಾಗಿ ಉತ್ತರಕ್ಕೆ ಹರಿಯುತ್ತವೆ. ನ್ಯಾಮತಿ, ಹೊನ್ನಾಳಿಗಳು ಈ ಹೊಳೆಯ ಸೀಮೆಗಳು. ಚನ್ನಗಿರಿಯ ನೀರು ಹರಿದ್ರಾ ಹಳ್ಳದ ಮೂಲಕ ಸೂಳೆಕೆರೆಗೆ ಬಂದು, ಅಲ್ಲಿಂದ ಹೊರಟು ಹರಿಹರದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ಜಗಳೂರು ಬಯಲುಸೀಮೆ. ಅದರ ಚಿಕ್ಕ ಹಗರಿ ವೇದಾವತಿಯ ಕಡೆಗೆ ಹರಿಯುವ, ವರ್ಷದ ಬಹುಭಾಗ ಒಣಗಿಯೇ ಇರುವ ಹಳ್ಳ. ನೆರೆಯ ಚರ್ಚೆಯಲ್ಲಿ ಜಗಳೂರಿಗೇನು ಕೆಲಸ ಎಂದು ಕೇಳಬಹುದು. ಆ ಪ್ರಶ್ನೆಗೆ ಮುಂದೆ ಬರಲಾಗುವುದು.

ಹೊನ್ನಾಳಿಯ ನೆರೆಯ ಸ್ವಭಾವವನ್ನು ಅರಿಯಲು ಮೇಲ್ಗಡೆಯ ಎರಡು ಅಣೆಕಟ್ಟುಗಳನ್ನು ಹೋಲಿಸಿದರೆ ಸಾಕು. ಲಕ್ಕವಳ್ಳಿಯ ಭದ್ರಾ ಜಲಾಶಯ 71.5 ಟಿ.ಎಂ.ಸಿ. ಅಡಿ ನೀರನ್ನು ಹಿಡಿಯಬಲ್ಲದು. ಗಾಜನೂರಿನ ತುಂಗಾ ಜಲಾಶಯದ ಸಾಮರ್ಥ್ಯ ಮೂರು ಟಿ.ಎಂ.ಸಿ. ಅಡಿಗಿಂತ ತುಸು ಹೆಚ್ಚು, ಅಷ್ಟೆ. ಶೃಂಗೇರಿ, ತೀರ್ಥಹಳ್ಳಿಗಳ ಮಳೆ ಗಾಜನೂರಿನಲ್ಲಿ ನಿಲ್ಲುವುದಿಲ್ಲ, ಬಂದಷ್ಟೂ ಕೆಳಗೆ ಹೋಗುತ್ತದೆ. ಭದ್ರೆ ತುಂಬುವವರೆಗೆ ಅವಳ ಪಾಲು ತಡೆದಿರುತ್ತದೆ. ತುಂಬಿದ ಮೇಲೆ ಎರಡೂ ಹೊಳೆಗಳ ನೀರು ಒಟ್ಟಿಗೆ ಹೊನ್ನಾಳಿಗೆ ಬರುತ್ತದೆ. 2019ರ ಆಗಸ್ಟ್ ತಿಂಗಳಿನಲ್ಲಿ ಮಲೆನಾಡಿನ ಭಾರಿ ಮಳೆಯಿಂದ ತುಂಗಭದ್ರೆ ಉಕ್ಕಿದಾಗ ಹೊನ್ನಾಳಿಯ ಬಾಲರಾಜ ಘಾಟ್ ಮುಂತಾದ ತಗ್ಗುಪ್ರದೇಶಗಳ ನಿವಾಸಿಗಳನ್ನು ಸ್ಥಳಾಂತರಿಸಬೇಕಾಯಿತು. ಹೊಳೆ ಏರಿದಾಗಲೆಲ್ಲ ಮೊದಲು ಕೇಳಿಬರುವ ಹೆಸರು ಅದೇ. ಹೊನ್ನಾಳಿಯಲ್ಲಿ ಕೇಂದ್ರ ಜಲ ಆಯೋಗದ ಜಲಮಾಪನ ಕೇಂದ್ರವಿದೆ. ಅಲ್ಲಿನ ಅಳತೆಗೋಲು ನೀರು ಎಷ್ಟು ಏರಿದೆ ಎಂಬುದನ್ನು ತಿಳಿಸುತ್ತದೆ. ಅಷ್ಟು ಏರಿದ ನೀರು ಯಾವ ಓಣಿಯನ್ನು ಹೊಕ್ಕುತ್ತದೆ, ಯಾವ ಗದ್ದೆಯಲ್ಲಿ ನಿಲ್ಲುತ್ತದೆ ಎಂಬುದನ್ನು ತಿಳಿಸಲು ನೆಲದ ಎತ್ತರ ಗೊತ್ತಿರಬೇಕು. ಅದೂ ಒಂದು ಮೀಟರಿನೊಳಗಿನ ನಿಖರತೆಯಲ್ಲಿ. ಒಂದು ಮನೆಯ ಹೊಸ್ತಿಲಿಗೂ ಮುಂದಿನ ಮನೆಯ ಹೊಸ್ತಿಲಿಗೂ ಇರುವ ಅಂತರ ಅದಕ್ಕಿಂತ ಹೆಚ್ಚಿರುವುದಿಲ್ಲ.

ಈ ಸೀಮೆಯಲ್ಲಿ ಎತ್ತರದ ಅರಿವು ಇರಲಿಲ್ಲವೆಂದು ಭಾವಿಸುವುದು ತಪ್ಪಾಗುತ್ತದೆ. ಸೂಳೆಕೆರೆಯೇ ಅದಕ್ಕೆ ದೊಡ್ಡ ಸಾಕ್ಷಿ. ಎರಡು ಗುಡ್ಡಗಳ ನಡುವಿನ ಇಕ್ಕಟ್ಟನ್ನು ಸಾವಿರ ಅಡಿಗೂ ಕಡಿಮೆ ಉದ್ದದ ಏರಿಯಿಂದ ಮುಚ್ಚಿ, ಸುಮಾರು 330 ಚದರ ಕಿಲೋಮೀಟರ್ ಜಲಾನಯನದ ನೀರನ್ನು ತಡೆದು, 6,500 ಎಕರೆಗಳಷ್ಟು ನೀರಿನ ಹರವನ್ನು ನಿರ್ಮಿಸಲಾಗಿದೆ. ಸಿದ್ಧ ಮತ್ತು ಬಸವ ಎಂಬ ಹೆಸರಿನ ಎರಡು ನಾಲೆಗಳು ಇದಕ್ಕಿವೆ. ಶಾಂತವ್ವ ಎಂಬ ರಾಜಕುಮಾರಿ ಕಟ್ಟಿಸಿದಳೆಂಬ ಐತಿಹ್ಯದಲ್ಲಿ ಸ್ವರ್ಗಾವತಿ ಎಂಬ ಪಟ್ಟಣದ ಹೆಸರು ಬರುತ್ತದೆ. ಕೆರೆಗೆ ಶಾಂತಿಸಾಗರವೆಂಬ ಹೆಸರೂ ಆಕೆಯಿಂದಲೇ ಬಂದುದೆಂದು ಹೇಳುತ್ತಾರೆ. ಏಷ್ಯಾದಲ್ಲಿಯೇ ಎರಡನೆಯ ದೊಡ್ಡ ಕೆರೆ ಎಂಬ ಮಾತನ್ನು ಪ್ರವಾಸಿ ಕೈಪಿಡಿಗಳು ಒಂದರಿಂದೊಂದು ನಕಲು ಮಾಡುತ್ತ ಬಂದಿವೆ. ಯಾವ ಅಳತೆಯಿಂದ ಎರಡನೆಯದು ಎಂಬುದನ್ನು ಯಾವುದೂ ಹೇಳುವುದಿಲ್ಲ. ಈ ಕೆರೆಯ ಹಿರಿಮೆ ವಿಸ್ತಾರಕ್ಕಿಂತ ಸ್ಥಳದ ಆಯ್ಕೆಯಲ್ಲಿದೆ. ಇಷ್ಟು ಗಿಡ್ಡ ಏರಿಯಿಂದ ಇಷ್ಟು ನೀರು ನಿಲ್ಲುತ್ತದೆಂದು ಕಂಡುಕೊಂಡವರಿಗೆ ಸುತ್ತಣ ನೆಲದ ಏರಿಳಿತ ಚೆನ್ನಾಗಿ ತಿಳಿದಿತ್ತು.

ಅಂದಿನವರ ಮಟ್ಟಗೋಲು ನೀರೇ. ಕೆರೆಯ ಕೋಡಿ ಹರಿಯುವ ಕ್ಷಣದಲ್ಲಿ ಅಂಗಳದ ಸುತ್ತ ನೀರಿನ ಅಂಚು ನಿಂತ ಗೆರೆ ಒಂದೇ ಎತ್ತರದ ಗೆರೆ. ಇಂದಿನ ಭೂಗೋಳದ ಪಠ್ಯಗಳು ಇದನ್ನೇ ಸಮೋನ್ನತಿ ರೇಖೆ ಎನ್ನುತ್ತವೆ. ಆ ಗೆರೆಯ ಮೇಲೆ ಊರು, ಕೆಳಗೆ ಅಂಗಳ. ತೂಬಿನ ಮಟ್ಟದಿಂದ ಕೆಳಗೆ ಅಚ್ಚುಕಟ್ಟು. ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ ಹೋಗುವಂತೆ ಸಾಲುಗೆರೆಗಳನ್ನು ಕಟ್ಟಿದಾಗ ಒಂದು ಹಳ್ಳದ ಉದ್ದಕ್ಕೂ ಇಂತಹ ಮಟ್ಟಗಳ ಮೆಟ್ಟಿಲು ಏರ್ಪಡುತ್ತಿತ್ತು. ಕೆರೆಗಳ ಪಾಲನೆಗೆ ಬಿಟ್ಟ ಕಟ್ಟುಕೊಡಗೆ, ಬಿತ್ತುವಟ್ಟ ಮೊದಲಾದ ದತ್ತಿಗಳನ್ನು ಶಾಸನಗಳು ದಾಖಲಿಸುವಾಗ ಭೂಮಿಯ ಎಲ್ಲೆಯನ್ನು ಕೋಡಿ, ತೂಬು, ಹಳ್ಳ, ದಿಣ್ಣೆಗಳಿಂದ ಗುರುತಿಸುವುದು ಸಾಮಾನ್ಯ. ಅವು ಎತ್ತರದ ಅಂಕಿಗಳಲ್ಲ, ಎತ್ತರದ ಸಂಬಂಧಗಳು. ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರಾಗಿದ್ದ ಆರ್.ಎಚ್. ಸ್ಯಾಂಕಿ 1860ರ ದಶಕದಲ್ಲಿ ಸಂಸ್ಥಾನದ ಸುಮಾರು ಶೇಕಡಾ 60ರಷ್ಟು ಭೂಭಾಗ ಕೆರೆಗಳ ವ್ಯವಸ್ಥೆಗೆ ಒಳಪಟ್ಟಿದೆಯೆಂದೂ ಹೊಸ ಕೆರೆಗೆ ತಕ್ಕ ಸ್ಥಳ ಹುಡುಕುವುದೇ ಕಷ್ಟವೆಂದೂ ಅಭಿಪ್ರಾಯಪಟ್ಟಿದ್ದು ಈ ಅರಿವಿನ ವ್ಯಾಪ್ತಿಯನ್ನು ತೋರಿಸುತ್ತದೆ.

ವಸಾಹತು ಕಾಲದ ಮೋಜಣಿಗಳು ಈ ಅರಿವನ್ನು ಮುಂದುವರಿಸಲಿಲ್ಲ. ಬೇರೆಯೇ ದಾರಿ ಹಿಡಿದವು. ಟಿಪ್ಪುವಿನ ಪತನದ ನಂತರ ಕಾಲಿನ್ ಮೆಕೆಂಜಿ ಮೈಸೂರು ದೇಶದ ಮೋಜಣಿಯನ್ನು ಕೈಗೊಂಡರು. ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯನ್ನು ಅಳೆದರು. ತ್ರಿಕೋಣಮಿತಿ ಮೋಜಣಿಗೆ ಬೇಕಾದದ್ದು ದೂರಕ್ಕೆ ಕಾಣುವ ಬೆಟ್ಟದ ತುದಿಗಳು. ನೆರೆ ಬರುವ ತಗ್ಗಿನ ನೆಲ ಅದರ ಕಣ್ಣಿಗೆ ಬೀಳುವುದಿಲ್ಲ. ಎತ್ತರವನ್ನು ನೆಲದ ಮೇಲೆಯೇ ಹಂತಹಂತವಾಗಿ ಸಾಗಿಸುವ ಲೆವೆಲಿಂಗ್ ಕಾರ್ಯ 1858ರಲ್ಲಿ ಆರಂಭವಾಗಿ 1909ರಲ್ಲಿ ದೇಶದ ಮೊದಲ ಜಾಲವಾಗಿ ಹೊಂದಿಕೆಗೊಂಡಿತು. ಸಮುದ್ರದ ಸರಾಸರಿ ಮಟ್ಟವನ್ನು ನಿರ್ಧರಿಸಲು ಆಧಾರವಾಗಿಟ್ಟುಕೊಂಡ ಒಂಬತ್ತು ಬಂದರುಗಳಲ್ಲಿ ನಮ್ಮ ಕಾರವಾರವೂ ಒಂದು. ಈ ಜಾಲ ಹೆದ್ದಾರಿ, ರೈಲುಮಾರ್ಗಗಳನ್ನು ಅನುಸರಿಸಿದ್ದರಿಂದ ಹೊಳೆಯ ದಡದ ಹಳ್ಳಿಗಳು ಬಹುಮಟ್ಟಿಗೆ ಅದರ ಹೊರಗೇ ಉಳಿದವು.

ಇದಕ್ಕಿಂತ ಜನಜೀವನಕ್ಕೆ ಹತ್ತಿರವಾದುದು ಕಂದಾಯ ಮೋಜಣಿ. ಮೈಸೂರಿನಲ್ಲಿ 1863ರಲ್ಲಿ ಮುಂಬಯಿ ಮಾದರಿಯಲ್ಲಿ ಆರಂಭವಾದ ಈ ಕಾರ್ಯ ಪ್ರತಿ ಹೊಲವನ್ನೂ 33 ಅಡಿಯ ಸರಪಳಿಯಿಂದ ಅಳೆದು, ಎಕರೆ-ಗುಂಟೆಗಳಲ್ಲಿ ಬರೆದು, ಖುಷ್ಕಿ, ತರಿ, ಬಾಗಾಯ್ತು ಎಂದು ವಿಂಗಡಿಸಿ, ಸರ್ವೆ ನಂಬರು ಕೊಟ್ಟಿತು. ಗ್ರಾಮನಕಾಶೆ, ಟಿಪ್ಪಣಿ, ಆಕಾರ್‌ಬಂದ್‌ಗಳು ಹೀಗೆ ಹುಟ್ಟಿದವು. ಇವುಗಳಲ್ಲಿ ಹಳ್ಳವಿದೆ, ಕೆರೆಯಿದೆ, ಬಾವಿಯಿದೆ, ಬಂಡಿದಾರಿಯಿದೆ. ಎತ್ತರವಿಲ್ಲ. ಕಂದಾಯಕ್ಕೆ ಎತ್ತರ ಬೇಕಿರಲಿಲ್ಲ. ಇತ್ತ ಟೋಪೋಶೀಟಿನಲ್ಲಿ ಎತ್ತರವಿದೆ, ಸರ್ವೆ ನಂಬರಿಲ್ಲ. ಒಂದೇ ನೆಲವನ್ನು ಎರಡು ಇಲಾಖೆಗಳು ಒಂದು ಶತಮಾನಕ್ಕೂ ಹೆಚ್ಚು ಕಾಲ ಪರಸ್ಪರ ಅರಿಯದಂತೆ ದಾಖಲಿಸಿಕೊಂಡು ಬಂದವು. ನೆರೆ ಬಂದಾಗ ಪರಿಹಾರ ಕೊಡುವುದು ಸರ್ವೆ ನಂಬರಿಗೆ. ನೀರು ನಿಲ್ಲುವುದು ಎತ್ತರದ ಪ್ರಕಾರ. ಈ ಎರಡರ ನಡುವಿನ ಅಂತರವನ್ನು ತುಂಬುತ್ತಿದ್ದುದು ಗ್ರಾಮಲೆಕ್ಕಿಗರ ಸ್ಥಳಪರಿಶೀಲನೆ ಮತ್ತು ಊರಿನ ಹಿರಿಯರ ನೆನಪು. ಅವುಗಳ ಬೆಲೆಯನ್ನು ಕಡಿಮೆ ಮಾಡುವಂತಿಲ್ಲ; ಆದರೆ ಅವು ನೀರು ಬಂದು ಹೋದ ಮೇಲಿನ ಸಾಕ್ಷ್ಯಗಳು.

1947ರಲ್ಲಿ ಆರಂಭವಾಗಿ 1960ರ ದಶಕದಲ್ಲಿ ಪೂರ್ಣಗೊಂಡ ಭದ್ರಾ ಯೋಜನೆ ಈ ಸೀಮೆಯಲ್ಲಿ ಎತ್ತರದ ಅಳತೆಯನ್ನು ಹಿಂದೆಂದೂ ಇಲ್ಲದಷ್ಟು ಸೂಕ್ಷ್ಮಗೊಳಿಸಿತು. ನಾಲೆಯೆಂದರೆ ನಿಧಾನವಾಗಿ ಇಳಿಯುವ ಒಂದು ಎತ್ತರದ ಗೆರೆಯೇ ಸರಿ. ಚನ್ನಗಿರಿ, ದಾವಣಗೆರೆ, ಮಲೇಬೆನ್ನೂರುಗಳ ಕಡೆಗೆ ನೀರೊಯ್ಯಲು ಎಂಜಿನಿಯರುಗಳು ಗೆರೆಯುದ್ದಕ್ಕೂ ಮಟ್ಟ ಹಿಡಿದರು. ಆದರೆ ಆ ಅಂಕಿಗಳು ನಾಲೆಯ ಗೆರೆಗೆ ಸೀಮಿತ. ಮುಂದೆ ಬಂದ ಏತ ನೀರಾವರಿ ಯೋಜನೆಗಳಲ್ಲಿಯೂ ಹೀಗೆಯೇ. ಪಂಪಿನ ಮನೆಯಿಂದ ನೀರು ಬೀಳುವ ತೊಟ್ಟಿಯವರೆಗಿನ ಏರು ಮಾತ್ರ ಮುಖ್ಯ. ಇಲ್ಲಿ ಒಂದು ಸಂಗತಿ ಗಮನಾರ್ಹವಾಗಿದೆ. ಕೆರೆ, ನಾಲೆ, ಏತ ಇವೆಲ್ಲವೂ ನೀರಿನ ಕೊರತೆ ನೀಗಲು ಮಾಡಿದ ಕಾರ್ಯಗಳು. ಇವುಗಳಿಗಾಗಿ ಎತ್ತರ ಅಳೆದಷ್ಟು ಶ್ರದ್ಧೆಯಿಂದ ನೆರೆಗಾಗಿ ಯಾರೂ ಅಳೆದಂತೆ ಕಾಣುವುದಿಲ್ಲ. ಇಂದು ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿರುವ ಸಂಸ್ಥೆ 1988ರಲ್ಲಿ ಹುಟ್ಟಿದ್ದೂ ಬರ ಉಸ್ತುವಾರಿ ಕೋಶವಾಗಿಯೇ.

ಬೆಟ್ಟದ ತುದಿ ಒಂದು ಬಿಂದು. ನಾಲೆ ಒಂದು ಗೆರೆ. ಟೋಪೋಶೀಟಿನ ಸಮೋನ್ನತಿಯೂ ಗೆರೆಯೇ. 1:50,000 ಪ್ರಮಾಣದ ಹಾಳೆಯಲ್ಲಿ ಎರಡು ಗೆರೆಗಳ ನಡುವಣ ಅಂತರ 20 ಮೀಟರ್. ಹೊನ್ನಾಳಿಯಂತಹ ಸಮತಟ್ಟಾದ ದಡದಲ್ಲಿ ಇಡೀ ಊರೇ ಎರಡು ಗೆರೆಗಳ ನಡುವೆ ಅಡಗಿಹೋಗಬಹುದು. ನೆರೆಯಾದರೋ ಹರವಿನ ಮೇಲೆ ಹರಡುವಂತಹುದು. ನೆಲವನ್ನು ಬಿಂದುಗಳಾಗಿ, ಗೆರೆಗಳಾಗಿ ಅಲ್ಲದೆ ಇಡಿಯ ಹರವಾಗಿ ಅಳೆಯುವ ಸಾಧನ ಬರುವವರೆಗೆ ನೆರೆಯ ಮುಂದಾಲೋಚನೆಗೆ ತಕ್ಕ ನಕಾಶೆ ಸಾಧ್ಯವಿರಲಿಲ್ಲ.

ಅಂತಹ ಮೊದಲ ಅಳತೆ 2000ದ ಫೆಬ್ರವರಿಯಲ್ಲಿ ನಡೆಯಿತು. ಅಮೆರಿಕದ ಎಂಡೆವರ್ ನೌಕೆ 11 ದಿನಗಳ ಪಯಣದಲ್ಲಿ ಭೂಮಿಯ ಸುಮಾರು ಶೇಕಡಾ 80ರಷ್ಟು ನೆಲವನ್ನು ರೇಡಾರಿನಿಂದ ಅಳೆಯಿತು. ನೌಕೆಯಲ್ಲಿ ಒಂದು, 60 ಮೀಟರ್ ಉದ್ದದ ಕಂಬದ ತುದಿಯಲ್ಲಿ ಇನ್ನೊಂದು, ಹೀಗೆ ಎರಡು ಆಂಟೆನಾಗಳು. ನೆಲದ ಒಂದೇ ತಾಣದಿಂದ ಮರಳಿದ ಅಲೆ ಎರಡಕ್ಕೂ ತುಸು ಬೇರೆ ಹಂತದಲ್ಲಿ ತಲುಪುತ್ತದೆ. ಆ ವ್ಯತ್ಯಾಸದಿಂದ ತಾಣದ ಎತ್ತರವನ್ನು ಲೆಕ್ಕ ಹಾಕುತ್ತಾರೆ. ಮೋಡ, ಕತ್ತಲೆಗಳು ಇದಕ್ಕೆ ಅಡ್ಡಿಯಲ್ಲ. ಅದೇ ಕಾಲದಲ್ಲಿ ಕರ್ನಾಟಕದಲ್ಲಿ 'ಭೂಮಿ' ಯೋಜನೆಯಡಿ ಪಹಣಿಗಳು ಗಣಕಯಂತ್ರಕ್ಕೆ ಏರುತ್ತಿದ್ದವು. ಒಂದೆಡೆ ಎತ್ತರದ ದಾಖಲೆ, ಇನ್ನೊಂದೆಡೆ ಒಡೆತನದ ದಾಖಲೆ, ಎರಡೂ ಒಟ್ಟಿಗೆ ಅಂಕೀಕರಣಗೊಂಡವು. ಆದರೂ ಪಹಣಿಗೆ ಎತ್ತರದ ಕಾಲಂ ಸೇರಲಿಲ್ಲ.

ಅಮೆರಿಕದ ಹೊರಗಿನ ದೇಶಗಳಿಗೆ ಮೊದಲು ದೊರೆತದ್ದು 90 ಮೀಟರಿಗೊಂದು ಚೌಕದ ಅಳತೆ. 30 ಮೀಟರಿನದು 2014ರ ನಂತರವಷ್ಟೇ ತೆರೆಯಿತು. ಎತ್ತರದಲ್ಲಿ ಒಪ್ಪಿಕೊಂಡಿದ್ದ ದೋಷದ ಮಿತಿ 16 ಮೀಟರ್. ನಂತರದ ಪರೀಕ್ಷೆಗಳಲ್ಲಿ ಬಹುಪಾಲು ಕಡೆ ಹತ್ತು ಮೀಟರಿಗೂ ಕಡಿಮೆ ಎಂದು ಕಂಡುಬಂದಿತಾದರೂ ಹೊನ್ನಾಳಿಯ ಹೊಸ್ತಿಲುಗಳನ್ನು ಬೇರ್ಪಡಿಸಲು ಅದು ಸಾಲದು. ನಮ್ಮ ತಾಲ್ಲೂಕುಗಳಲ್ಲಿ ಇದರ ಮಿತಿಗಳು ಬಹಳ ಸ್ಪಷ್ಟವಾಗಿ ಕಾಣುತ್ತವೆ. ಸುಮಾರು ಆರು ಸೆಂಟಿಮೀಟರ್ ಉದ್ದದ ಅಲೆ ಎಲೆ-ಸೋಗೆಗಳಿಗೆ ತಗಲಿ ಮರಳುತ್ತದೆ. ಚನ್ನಗಿರಿಯ ಅಡಿಕೆ ತೋಟದ ಮೇಲೆ ಅದು ಕಾಣುವುದು ನೆಲವನ್ನಲ್ಲ, ನೆಲಕ್ಕೂ ಸುಳಿಗೂ ನಡುವಿನ ಯಾವುದೋ ಮಟ್ಟವನ್ನು. ಹತ್ತು ಹದಿನೈದು ಮೀಟರ್ ಎತ್ತರದ ತೋಟ ನಕಾಶೆಯಲ್ಲಿ ದಿಬ್ಬವಾಗಿ ಮೂಡುತ್ತದೆ. ನಾಲೆಯ ಬದಿಯ ತಗ್ಗಿನಲ್ಲಿರುವ ತೋಟ ಹೀಗೆ ನೆರೆಯಿಂದ ಸುರಕ್ಷಿತವೆಂದು ತೋರಬಹುದು. 2000ದಲ್ಲಿ ಭತ್ತದ ಗದ್ದೆಯಾಗಿದ್ದ ಎಷ್ಟೋ ನೆಲ ಇಂದು ಅಡಿಕೆಯಾಗಿರುವುದರಿಂದ ಹಳೆಯ ಅಳತೆಗೂ ಹೊಸ ಅಳತೆಗೂ ನೇರ ಹೋಲಿಕೆ ಸಲ್ಲದು. ಜಗಳೂರಿನ ಬರಡು ಬಯಲಿನಲ್ಲಿ ಈ ತೊಡಕಿಲ್ಲ. ಅಲ್ಲಿ ರೇಡಾರ್ ನೆಲವನ್ನೇ ಕಾಣುತ್ತದೆ.

ಇನ್ನೊಂದು ತೊಡಕು ಕೆರೆಯ ಏರಿಗಳದು. 90 ಮೀಟರ್ ಚೌಕದಲ್ಲಿ ಕೆಲವೇ ಅಡಿ ಅಗಲದ ಏರಿಯ ಎತ್ತರ ಸುತ್ತಣ ತಗ್ಗಿನೊಡನೆ ಬೆರೆತು ಮಾಯವಾಗುತ್ತದೆ. ನೀರಿನ ದಾರಿಯನ್ನು ನಿರ್ಧರಿಸುವ ಏರಿ, ನಾಲೆಯ ದಂಡೆ, ರಸ್ತೆಯ ಒಡ್ಡುಗಳೇ ಇಲ್ಲದ ನಕಾಶೆಯಿಂದ ನೀರಿನ ದಾರಿ ತಿಳಿಯುವುದಾದರೂ ಹೇಗೆ? ಶಾಂತವಾದ ನೀರು ಅಲೆಯನ್ನು ಬೇರೆಡೆಗೆ ಚಿಮ್ಮಿಸುವುದರಿಂದ ಸೂಳೆಕೆರೆಯ ಹರವು ಮೂಲ ಅಳತೆಯಲ್ಲಿ ಹುರುಳಿಲ್ಲದ್ದು. ಅದನ್ನು ಆಮೇಲೆ ಸಪಾಟಾಗಿ ತಿದ್ದುತ್ತಾರೆ. ಹೊಳೆಯ ತಳದ ಆಳವೂ ರೇಡಾರಿಗೆ ನಿಲುಕದು.

ವಿಮಾನದಿಂದ ಅಳೆಯುವ ರೇಡಾರ್ ಈ ಕೊರತೆಗಳಲ್ಲಿ ಕೆಲವನ್ನು ನೀಗುತ್ತದೆ. ಕೆಲವೇ ಕಿಲೋಮೀಟರ್ ಮೇಲಿನಿಂದ ಹಾರುವುದರಿಂದ ಚೌಕಗಳು ಕೆಲವು ಮೀಟರಿಗೆ ಇಳಿಯುತ್ತವೆ, ಎತ್ತರದ ದೋಷ ಒಂದು ಮೀಟರಿನ ಆಸುಪಾಸಿಗೆ ಬರುತ್ತದೆ. ಗಿಡ್ಡ ಅಲೆಯಿಂದ ತೋಟದ ಮೇಲ್ಮೈಯನ್ನೂ ಉದ್ದ ಅಲೆಯಿಂದ ತೋಟದೊಳಗಿನ ನೆಲವನ್ನೂ ಅಳೆಯುವುದು ಸಾಧ್ಯ. ಬ್ರಿಟನ್ನಿನಲ್ಲಿ 2002ರ ಸುಮಾರಿಗೆ ಆರಂಭವಾದ ಇಂತಹ ಮಾಪನಕ್ಕೆ ಬೆಂಬಲ ಕೊಟ್ಟದ್ದು ನಾರ್ವಿಚ್ ಯೂನಿಯನ್ ಎಂಬ ವಿಮಾ ಸಂಸ್ಥೆ. ಮನೆಮನೆಯ ನೆರೆಯ ಅಪಾಯವನ್ನು ಅಂದಾಜು ಮಾಡಿ ವಿಮೆಯ ಕಂತು ನಿಗದಿಪಡಿಸುವುದು ಅದರ ಗುರಿಯಾಗಿತ್ತು. ಮೈಸೂರಿನಲ್ಲಿ ಕಂದಾಯಕ್ಕಾಗಿ ಹೊಲ ಅಳೆದಂತೆಯೇ ಇದೂ. ಅಳತೆಯ ಸ್ವರೂಪವನ್ನು ಹಣ ಕೊಟ್ಟವರ ಅಗತ್ಯ ನಿರ್ಧರಿಸುತ್ತದೆ. ಭಾರತದಲ್ಲಿ 2012ರ ರಿಸ್ಯಾಟ್-1 ಮತ್ತು 2025ರ ಜುಲೈನಲ್ಲಿ ಹಾರಿದ ನಿಸಾರ್ ಮೊದಲಾದ ಉಪಗ್ರಹಗಳ ರೇಡಾರುಗಳನ್ನು ಎತ್ತರದ ಮಾಪನವೆಂದು ತಪ್ಪು ತಿಳಿಯಬಾರದು. ನೆರೆಯ ವಿಷಯದಲ್ಲಿ ಅವು ಮುಖ್ಯವಾಗಿ ತೋರಿಸುವುದು ನೀರು ನಿಂತ ಹರವನ್ನು. ನಿಂತ ನೀರನ್ನು ಕಾಣುವುದು ಬೇರೆ, ನಿಲ್ಲಲಿರುವ ನೀರನ್ನು ಲೆಕ್ಕ ಹಾಕುವುದು ಬೇರೆ.

ವಿಮಾನದ ಅಳತೆಯನ್ನು ಈ ತಾಲ್ಲೂಕುಗಳಿಗೆ ಅನ್ವಯಿಸಹೊರಟಾಗ ಹಳೆಯ ದಾಖಲೆಗಳು ಮತ್ತೆ ಬೇಕಾಗುತ್ತವೆ. ರೇಡಾರ್ ಮತ್ತು ಉಪಗ್ರಹ ಸ್ಥಾನನಿರ್ಣಯದ ಎತ್ತರಗಳು ಗಣಿತದ ಒಂದು ದೀರ್ಘವೃತ್ತಜಕ್ಕೆ ಸಂಬಂಧಿಸಿದವು. ಜಲಮಾಪನ ಕೇಂದ್ರದ ಎತ್ತರ ಸಮುದ್ರಮಟ್ಟಕ್ಕೆ ಸಂಬಂಧಿಸಿದ್ದು. ದಕ್ಷಿಣ ಕರ್ನಾಟಕದಲ್ಲಿ ಇವೆರಡರ ನಡುವೆ 80 ಮೀಟರಿಗೂ ಹೆಚ್ಚಿನ ವ್ಯತ್ಯಾಸವಿದೆ. ಇದನ್ನು ಸರಿದೂಗಿಸಲು ನೆಲದ ಮೇಲಿನ ಬೆಂಚ್‌ಮಾರ್ಕುಗಳೇ ಆಧಾರ. ಹಾಗೆಯೇ ರೇಡಾರ್ ಹೊಳೆಯ ಸೇತುವೆಯನ್ನು ನೀರಿಗೆ ಅಡ್ಡವಾದ ಗೋಡೆಯೆಂದು ಬರೆದಿರುತ್ತದೆ. ಕಣ್ಣುಗಳು ಎಷ್ಟು, ಎಷ್ಟು ಅಗಲ ಎಂಬುದನ್ನು ಲೋಕೋಪಯೋಗಿ ಇಲಾಖೆಯ ಹಳೆಯ ಕಡತಗಳಿಂದ ತಿಳಿದು ತಿದ್ದಬೇಕು. ಕೆರೆಗಳ ಕೋಡಿ ಮತ್ತು ತೂಬಿನ ಮಟ್ಟಗಳು ಕೆರೆ ರಿಜಿಸ್ಟರುಗಳಲ್ಲಿ ಸಿಗುತ್ತವೆ. ಸಿಗದಿದ್ದರೆ ಕೋಡಿಯ ಕಲ್ಲುಗಳ ಮೇಲೆಯೇ ಅಳೆಯಬೇಕು. ನ್ಯಾಮತಿಯಂತಹ ಹೊಸ ತಾಲ್ಲೂಕಿನ ಹಳೆಯ ಕಡತಗಳು ಹೊನ್ನಾಳಿಯಲ್ಲಿಯೂ ಶಿವಮೊಗ್ಗದಲ್ಲಿಯೂ ಹಂಚಿರುವುದರಿಂದ ಅವನ್ನು ಒಂದೆಡೆ ಕೂಡಿಸುವ ಕೆಲಸ ಹಾರಾಟಕ್ಕಿಂತ ಮೊದಲು ಆಗಬೇಕಾದುದು.

ಈಗ ಜಗಳೂರಿನ ಪ್ರಶ್ನೆಗೆ ಬರಬಹುದು. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿಯ ಪ್ರವಾಹ ಹೈದರಾಬಾದನ್ನು ನಾಶಮಾಡಿದಾಗ ಪರಿಶೀಲನೆಗೆ ಹೋದ ಎಂ. ವಿಶ್ವೇಶ್ವರಯ್ಯನವರು ಜಲಾನಯನದ ನೂರಾರು ಕೆರೆಗಳ ಪೈಕಿ ಇನ್ನೂರಕ್ಕೂ ಹೆಚ್ಚು ಒಡೆದುದನ್ನು ಗಮನಿಸಿದ್ದರು. ಬಯಲುಸೀಮೆಯ ನೆರೆಯ ಬಗೆ ಇದು. ಹೊಳೆ ಏರುವುದರಿಂದ ಅದು ಬರುವುದಿಲ್ಲ. ಒಂದು ಕೆರೆ ಒಡೆದು ಕೆಳಗಿನದನ್ನು ಒಡೆಯುವುದರಿಂದ ಬರುತ್ತದೆ. ಬರದ ತಾಲ್ಲೂಕೆಂದೇ ಹೆಸರಾದ ಜಗಳೂರಿನಲ್ಲಿ ಕೆರೆಗಳು ಬತ್ತಿದ್ದಷ್ಟು ಕಾಲ ಈ ಭಯವಿರಲಿಲ್ಲ. ಅಲ್ಲಿನ 57 ಕೆರೆಗಳಿಗೆ ಹರಿಹರ ತಾಲ್ಲೂಕಿನ ದೀಟೂರಿನ ಬಳಿ ತುಂಗಭದ್ರೆಯಿಂದ ನೀರೆತ್ತಿ ತುಂಬಿಸುವ ಯೋಜನೆ ಬಂದ ಮೇಲೆ ಸ್ಥಿತಿ ಬದಲಾಗಿದೆ. ಈ ನೀರನ್ನು ಎತ್ತುವುದು ಮಳೆಗಾಲದಲ್ಲಿ, ಹೊಳೆ ತುಂಬಿದಾಗ. ಆಗಲೇ ಭರ್ತಿಯಾದ ಕೆರೆಯ ಮೇಲೆ ಹಿಂಗಾರಿನ ಒಂದು ದೊಡ್ಡ ಮಳೆ ಬಿದ್ದರೆ ಕೋಡಿ ಹರಿಯಬೇಕು. ದಶಕಗಳಿಂದ ಹರಿಯದ ಕೋಡಿಹಳ್ಳದ ಪಾತ್ರ ಎಷ್ಟೋ ಕಡೆ ಉಳುಮೆಗೆ ಸಿಕ್ಕಿರುತ್ತದೆ. ಪಹಣಿಯಲ್ಲಿ ಅದು ಹೊಲ, ಗ್ರಾಮನಕಾಶೆಯಲ್ಲಿ ಹಳ್ಳ. ಕೆಲವು ಮೀಟರ್ ಚೌಕದ ರೇಡಾರ್ ಅಳತೆಯಲ್ಲಿ ಅದು ಇನ್ನೂ ಒಂದು ಸಣ್ಣ ತಗ್ಗಾಗಿ ಉಳಿದಿರುತ್ತದೆ. ಮರಗಳ ಮರೆಯಿಲ್ಲದ ಆ ಬಯಲಿನಲ್ಲಿ ಗ್ರಾಮನಕಾಶೆಯನ್ನು ಆ ಅಳತೆಯ ಮೇಲೆ ಹಾಸಿ, 57 ಕೆರೆಗಳ ಕೋಡಿಯಿಂದ ಕೆಳಗೆ ಒಂದೊಂದಾಗಿ ಹಳ್ಳದ ಗೆರೆಯನ್ನು ಗುರುತಿಸುವುದು ನಾಲ್ಕು ತಾಲ್ಲೂಕುಗಳಲ್ಲಿಯೂ ಎಲ್ಲಕ್ಕಿಂತ ಸುಲಭವಾಗಿ ಆರಂಭಿಸಬಹುದಾದ ಕಾರ್ಯ.